ಬುದ್ಧನಿಗೆ ಚಳಿಯಾಗುವುದಿಲ್ಲ

ಅರಸೀಕೆರೆಯಲ್ಲಿ ರೈಲು ಬದಲಿಸುವ ಕೆಲಸ ಬಿದ್ದಾಗಲೆಲ್ಲ ನಾನು ಸಾಮಾನ್ಯವಾಗಿ ಪ್ಲಾಟ್‌ಫಾರ್ಮು ಬಿಟ್ಟು ಹೊರಗೆ ಹೋಗುವುದಿಲ್ಲ. ಮೊನ್ನೆ ರೈಲು ತಡವೆಂದರು, ಕಾಫಿ ಕುಡಿಯೋಣವೆಂದು ಹೊರಗೆ ಬಂದೆ. ಮಾರುಕಟ್ಟೆಯ ಕಡೆಯಿಂದ ಚೀಲ ತುಂಬಿಕೊಂಡ ಲಾರಿಯೊಂದು ಬಂತು, ಅದರ ಹಿಂದೆಯೇ ಕೊಬ್ಬರಿಯ ವಾಸನೆಯೂ ಬಂತು. ಎಣ್ಣೆಯ ಜಿಡ್ಡು, ಗೋಣಿಯ ದೂಳು, ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಬೇರೆಯವರಿಗೆ ಅದು ಚಟ್ನಿಯನ್ನೋ ಹೋಳಿಗೆಯನ್ನೋ ನೆನಪಿಸಬಹುದು. ನನಗೆ ನೆನಪಾಗುವುದು ಅಣುಬಾಂಬು.

ಹೀಗೆಂದರೆ ಜನ ನಗುತ್ತಾರೆ. ನಗಲಿ. ಎಲ್ಲೋ ಮರಳುಗಾಡಿನಲ್ಲಿ ಸಿಡಿದ ಬಾಂಬು ಹಗರೆಯ ಒಂದು ಮನೆಯ ಒಳಗೆ ಬಂದು ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೂ ಕುರ್ಚಿಯ ಮೇಲೆ, ಕೈಯಲ್ಲಿ ರವೆಉಂಡೆ ಹಿಡಿದುಕೊಂಡು.

ಆಗ ನಾನು ಬೇಲೂರಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷಕ್ಕೆ ಕಾಲಿಡುವವಳಿದ್ದೆ. ನಮ್ಮೂರು ಹಗರೆ. ಅಪ್ಪ ಅಲ್ಲಿನ ಪ್ರಾಥಮಿಕ ಶಾಲೆಯ ಮೇಷ್ಟ್ರು, ನಮ್ಮ ಕೇರಿಯಿಂದ ಸರ್ಕಾರಿ ಕೆಲಸಕ್ಕೆ ಹೋದ ಮೊದಲಿಗರು. ಮದುವೆಗೆ ಮುಂಚೆಯೇ ಬುದ್ಧನ ದಾರಿ ಹಿಡಿದಿದ್ದರು. ಕೇರಿ ಬಿಟ್ಟು ಊರ ನಡುವೆ, ಗೌಡರ ಮನೆಗಳ ಎದುರಿಗೇ ಮನೆ ಕಟ್ಟಿದ್ದರು. ನನಗೆ ಸುಜಾತ ಎಂದು ಹೆಸರಿಟ್ಟದ್ದೂ ಅದೇ ಹುರುಪಿನಲ್ಲಿ. ಉಪವಾಸದಿಂದ ಬಡಕಲಾಗಿ ಕುಳಿತಿದ್ದ ಬುದ್ಧನಿಗೆ ಪಾಯಸ ತಂದುಕೊಟ್ಟ ಹುಡುಗಿಯ ಹೆಸರು ಅದು. ಹಾಗಾಗಿ ನಮ್ಮ ಮನೆಯಲ್ಲಿ ಬುದ್ಧ ಪೂರ್ಣಿಮೆಯೆಂದರೆ ಪಾಯಸ. ಅವ್ವ ದೊಡ್ಡ ಪಾತ್ರೆಯಲ್ಲಿ ಹಾಲು, ಅಕ್ಕಿ, ಬೆಲ್ಲ ಹಾಕಿ ಕಾಯಿಸುತ್ತಿದ್ದಳು. ನಾನು ಬಿಳಿ ಬಟ್ಟೆ ತೊಟ್ಟು ಬೀದಿಯ ಮನೆಗಳಿಗೆಲ್ಲ ಕೊಟ್ಟು ಬರಬೇಕಿತ್ತು.

ಎದುರು ಮನೆ ತಿಮ್ಮೇಗೌಡರದು. ಅವರ ಹೆಂಡತಿ ಎಂದೂ ಬೇಡ ಅಂದವರಲ್ಲ. ‘ಅಲ್ಲೇ ಜಗಲಿ ಮೇಲಿಡವ್ವ, ಆಮೇಲೆ ತಿಂತೀವಿ’ ಅನ್ನುತ್ತಿದ್ದರು. ಸಂಜೆ ಪಾತ್ರೆ ತರಲು ಹೋದರೆ ಕೊಟ್ಟಿಗೆಯಲ್ಲಿ ಕರುವಿನ ಮೂತಿಗೆ ಅನ್ನದ ಅಗುಳು ಅಂಟಿರುತ್ತಿತ್ತು. ನಮ್ಮ ಬೀದಿಯ ಕರುಗಳಿಗೆಲ್ಲ ನಮ್ಮವ್ವನ ಕೈರುಚಿ ಚೆನ್ನಾಗಿ ಗೊತ್ತಿತ್ತು. ಅವ್ವನಿಗೂ ಇದು ತಿಳಿಯದ್ದೇನಲ್ಲ. ಆದರೂ ಮರುವರ್ಷ ಅಷ್ಟೇ ಹಾಲು ತರಿಸುತ್ತಿದ್ದಳು. ಹಾಲು ಬರುತ್ತಿದ್ದುದೂ ಗೌಡರ ಮನೆಯಿಂದಲೇ.

ಆ ವರ್ಷದ ಪೂರ್ಣಿಮೆಯ ದಿನ ಬಿಸಿಲು ಕೆಟ್ಟದಾಗಿತ್ತು. ಭರಣಿ ಮಳೆ ಕೈಕೊಟ್ಟಿತ್ತು, ಆಲೂಗಡ್ಡೆ ಬಿತ್ತನೆಗೆ ಹೊಲ ಹಸನು ಮಾಡಿಕೊಂಡವರು ಆಕಾಶ ನೋಡುತ್ತಿದ್ದರು. ನಾನು ಎಂದಿನಂತೆ ಪಾಯಸ ಹಂಚಿ ಬಂದೆ. ಅಪ್ಪ ಪೂರ್ಣಿಮೆಯ ದಿನ ಮಧ್ಯಾಹ್ನದ ಮೇಲೆ ಏನನ್ನೂ ತಿನ್ನುತ್ತಿರಲಿಲ್ಲ, ಅದು ಅವರ ವ್ರತ. ಸಂಜೆ ಬುದ್ಧನ ಪಟದ ಮುಂದೆ ದೀಪ ಹಚ್ಚಿ ಕುಳಿತಿದ್ದರು. ಎದುರು ಮನೆಯ ಟೀವಿ ಇದ್ದಕ್ಕಿದ್ದಂತೆ ಜೋರಾಯಿತು. ಆಮೇಲೆ ಯಾರೋ ಪಟಾಕಿ ಹಚ್ಚಿದರು. ಸ್ವಲ್ಪ ಹೊತ್ತಿಗೆ ತಿಮ್ಮೇಗೌಡರು ರಸ್ತೆ ದಾಟಿ ಬಂದು, ನಮ್ಮ ಹೊಸ್ತಿಲನ್ನೂ ದಾಟಿ, ಕುರ್ಚಿಯ ಮೇಲೆ ಕುಳಿತರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ರವೆಉಂಡೆ.

ನಾವು ಮೂವರೂ ಎದ್ದು ನಿಂತೆವು. ಆ ಮನೆ ಕಟ್ಟಿದಾಗಿನಿಂದ ಅವರು ಒಳಗೆ ಬಂದದ್ದು ಅದೇ ಮೊದಲು.

‘ಮೇಷ್ಟ್ರೇ, ಟೀವಿ ನೋಡಿದ್ರಾ? ಬಾಂಬ್ ಹೊಡೆದ್ಬುಟ್ರು ಕಣ್ರೀ, ಅಣುಬಾಂಬು. ಅದೂ ನಿಮ್ಮ ಬುದ್ಧನ ಹಬ್ಬದ ದಿನಾನೇ. ಇನ್ನು ಅಮೇರಿಕಾದೋನಾಗ್ಲಿ ಚೀನಾದೋನಾಗ್ಲಿ ನಮ್ಮ ತಂಟೆಗೆ ಬರಾಕಿಲ್ಲ. ತಗೊಳ್ಳಿ, ಬಾಯಿ ಸಿಹಿ ಮಾಡ್ಕೊಳ್ಳಿ.’

ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ತಮಾಷೆಯಿಲ್ಲ, ಚುಚ್ಚುವ ಮಾತಿಲ್ಲ. ಊರಿಗೆಲ್ಲ ಒಂದು ಹಬ್ಬ ಬಂದಿದೆ, ಅದು ಮೇಷ್ಟ್ರ ಹಬ್ಬದ ದಿನವೇ ಬಂದಿದೆ ಅಂತ ಅವರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿತ್ತು. ಅಪ್ಪ ಉಂಡೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತಿನ್ನಲಿಲ್ಲ.

‘ಯಾಕೆ ಮೇಷ್ಟ್ರೇ, ನಮ್ಮ ಕೈದು ತಿನ್ನಾಕಿಲ್ವಾ?’ ಅಂದರು ಗೌಡರು.

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅದು ನಗುವೋ ಅಳುವೋ ನನಗೆ ಇಂದಿಗೂ ತಿಳಿಯದು. ಅಪ್ಪ ಮೆಲ್ಲಗೆ, ‘ಇವತ್ತು ಉಪವಾಸ ಗೌಡ್ರೇ. ಹೊತ್ತು ಮೀರಿದೆ’ ಅಂದರು. ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ ಅನ್ನುವುದು ಗೌಡರಿಗೂ ತಿಳಿಯಿತು. ‘ಹಂಗಾರೆ ನಾಳೆ ತಿನ್ನಿ’ ಎಂದು ಎದ್ದು ಹೋದರು.

ಮರುದಿನ ಅಪ್ಪ ಆ ಉಂಡೆಯನ್ನು ಪಟದ ಪಕ್ಕದ ಗೂಡಿನಲ್ಲಿಟ್ಟರು. ಮೂರನೆಯ ದಿನವೂ ಅದು ಅಲ್ಲೇ ಇತ್ತು. ಅವ್ವನಿಗೆ ರೇಗಿಹೋಯಿತು. ‘ಅವರ ಕರೂಗೆ ಹಾಕಿ ಬರ್ಲಾ?’ ಅಂದಳು. ‘ಬೇಡ. ಪ್ರೀತಿಯಿಂದ ತಂದವ್ರೆ’ ಅಂದರು ಅಪ್ಪ. ಕೊನೆಗೆ ಇರುವೆಗಳು ಬಂದು ಸಾಗಿಸಿಕೊಂಡು ಹೋದವು. ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿಯಾಗಿತ್ತು, ಮೇಷ್ಟ್ರು ಬಾಂಬಿನ ಸಿಹಿ ತಿನ್ನಲಿಲ್ಲವಂತೆ ಎಂದು. ಗೌಡರು ಮತ್ತೆ ಬರಲಿಲ್ಲ. ಅಪ್ಪನಿಗೆ ಅದು ಎಷ್ಟು ಕಷ್ಟವಾಗಿರಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಅಪ್ಪ ಎಷ್ಟೋ ವರ್ಷ ಕಾದಿದ್ದ ಮನುಷ್ಯ ಕೊನೆಗೂ ಮನೆಯೊಳಗೆ ಬಂದು ಕುಳಿತಿದ್ದ, ಅವನನ್ನು ಕರೆತಂದ ಕಾರಣ ಮಾತ್ರ ಅಪ್ಪನ ಗಂಟಲಲ್ಲಿ ಇಳಿಯುವಂಥದ್ದಾಗಿರಲಿಲ್ಲ.

ಆ ತಿಂಗಳು ಮುಗಿಯುವ ಮೊದಲೇ ಪಾಕಿಸ್ತಾನವೂ ಬಾಂಬು ಸಿಡಿಸಿತು. ದೊಡ್ಡ ದೇಶಗಳು ಇಬ್ಬರನ್ನೂ ಗದರಿಸಿದವು, ಕೊಡುವುದನ್ನು ನಿಲ್ಲಿಸುತ್ತೇವೆ ಅಂದವು. ತಮ್ಮ ಉಗ್ರಾಣದಲ್ಲಿ ಸಾವಿರಗಟ್ಟಲೆ ಇಟ್ಟುಕೊಂಡೇ ನಮಗೆ ಬುದ್ಧಿ ಹೇಳಿದವು. ಬೇಲೂರಿನ ಹೋಟೆಲುಗಳಲ್ಲಿ ದೋಸೆ ತಿನ್ನುವವರ ಬಾಯಲ್ಲೂ ಒಪ್ಪಂದ, ನಿರ್ಬಂಧ, ಸಹಿ ಅನ್ನುವ ಮಾತು. ಕಾಲೇಜು ಶುರುವಾಗುವ ಹೊತ್ತಿಗೆ ಅಂತರಕಾಲೇಜು ಚರ್ಚಾ ಸ್ಪರ್ಧೆಯ ವಿಷಯವೂ ಅದೇ ಆಯಿತು: ಅಣ್ವಸ್ತ್ರ ಪರೀಕ್ಷೆ ನಿಷೇಧಿಸುವ ಒಪ್ಪಂದಕ್ಕೆ ಭಾರತ ಸಹಿ ಹಾಕಬೇಕೆ?

ಈಗಿನವರಿಗೆ ಆ ಚರ್ಚಾ ಸ್ಪರ್ಧೆಗಳ ಕಾವು ಗೊತ್ತಿರಲಾರದು. ಒಂದು ಕಾಲೇಜಿನಿಂದ ಇಬ್ಬರು, ಒಬ್ಬರು ಪರ, ಒಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ಪರ್ಯಾಯ ಫಲಕ ಕೊಡುತ್ತಿದ್ದರು. ಹಾಗಾಗಿ ವೇದಿಕೆಯ ಮೇಲೆ ಎದುರಾಳಿಗಳು, ಕೆಳಗೆ ಇಳಿದರೆ ಜೋಡಿ. ಎಲ್ಲೂ ಬರೆದಿಡದ ಒಂದು ನಿಯಮವೂ ಇತ್ತು. ಕೊನೆಯ ಪ್ರತಿವಾದದ ಸುತ್ತಿನಲ್ಲಿ ಬೇರೆ ಕಾಲೇಜಿನವರನ್ನು ಎಷ್ಟು ಬೇಕಾದರೂ ಝಾಡಿಸಬಹುದು, ತನ್ನ ಜೋಡಿಯನ್ನು ಮಾತ್ರ ಮುಟ್ಟಬಾರದು.

ನನ್ನ ಜೋಡಿ ವೀಣಾ. ಹಳೇಬೀಡಿನವಳು. ಮೊದಲ ವರ್ಷದಿಂದಲೂ ಒಂದೇ ಬೆಂಚು. ನನಗೆ ಕಾಲೇಜಿನಲ್ಲಿ ಬೇರೆ ಗೆಳತಿಯರಿರಲಿಲ್ಲ, ಬೇಕು ಅನ್ನಿಸಿಯೂ ಇರಲಿಲ್ಲ. ನಾನು ಸ್ವಲ್ಪ ಮೊಂಡು, ಸ್ವಲ್ಪ ಮೂತಿ ಬಿಗಿದುಕೊಂಡಿರುವವಳು. ಅವಳು ಎಲ್ಲರನ್ನೂ ಮಾತಾಡಿಸುವವಳು. ಅವಳ ಮನೆಗೆ ನಾನು ಹೋಗಿರಲಿಲ್ಲ, ನಮ್ಮ ಮನೆಗೆ ಅವಳು ಬಂದಿರಲಿಲ್ಲ. ಅದೇಕೆಂದು ಇಬ್ಬರಿಗೂ ಗೊತ್ತಿತ್ತು, ಕೇಳಿಕೊಂಡಿರಲಿಲ್ಲ. ಅವಳ ಅಣ್ಣ ಸೈನ್ಯದಲ್ಲಿದ್ದ, ಎಲ್ಲೋ ಉತ್ತರದಲ್ಲಿ.

ತಯಾರಿ ಮಾಡಿಸುತ್ತಿದ್ದವರು ರಾಜ್ಯಶಾಸ್ತ್ರದ ಸರ್. ‘ಸಹಿ ಹಾಕಬೇಕು ಅನ್ನೋ ಕಡೆ ಯಾರು?’ ಎಂದು ತರಗತಿಯಲ್ಲಿ ಕೇಳಿದಾಗ ಒಂದು ಕೈಯೂ ಏಳಲಿಲ್ಲ. ವೀಣಾ ವಿರೋಧಕ್ಕೆ ಆಗಲೇ ಕೈ ಎತ್ತಿದ್ದಳು. ಅವಳ ಜೊತೆ ಹೋಗಬೇಕೆಂದರೆ ಉಳಿದದ್ದು ಪರದ ಜಾಗವೊಂದೇ. ನಾನು ಕೈ ಎತ್ತಿದೆ. ಶಾಂತಿಗಾಗಿಯೂ ಅಲ್ಲ, ಬುದ್ಧನಿಗಾಗಿಯೂ ಅಲ್ಲ. ವೀಣಾಳಿಗಾಗಿ. ಹಿಂದಿನ ಬೆಂಚಿನಿಂದ ಯಾರೋ ‘ಇವ್ರಪ್ಪ ಉಂಡೆ ತಿನ್ನಲಿಲ್ವಂತೆ’ ಅಂದರು. ಹಗರೆಯ ಸುದ್ದಿ ಬೇಲೂರಿನ ತನಕ ಬಸ್ಸು ಹತ್ತಿ ಬಂದಿತ್ತು.

ಸರ್ ಅವರ ಕ್ರಮವೇ ಬೇರೆ. ನಮ್ಮ ಭಾಷಣ ಕಲಿಯುವ ಮೊದಲು ಜೋಡಿಯ ಭಾಷಣ ಕಲಿಯಬೇಕು, ಬಾಯಿಪಾಠ. ‘ಎದುರಿನೋರ ಮಾತನ್ನ ಅವರಿಗಿಂತ ಚೆನ್ನಾಗಿ ಹೇಳೋಕೆ ಬಂದ್ರೆ ಮಾತ್ರ ನಿಮಗೆ ಅದನ್ನ ಒಡೆಯೋ ಯೋಗ್ಯತೆ’ ಅನ್ನುತ್ತಿದ್ದರು. ಕಾಲೇಜಿನ ಹಿಂದಿನ ಹೊಂಗೆ ಮರದ ಕೆಳಗೆ ನಾನು ವೀಣಾಳ ಭಾಷಣ ಒಪ್ಪಿಸುತ್ತಿದ್ದೆ, ಅವಳು ನನ್ನದನ್ನು. ಅವಳ ಭಾಷಣದಲ್ಲಿ ಒಂದು ಮಾತು ನನಗೆ ಹಿಡಿಸುತ್ತಿರಲಿಲ್ಲ, ಆದರೂ ಅದನ್ನು ಹೇಳುವಾಗ ದನಿ ತಾನಾಗಿ ಏರುತ್ತಿತ್ತು: ‘ಎರಡೂ ಮನೆಯಲ್ಲಿ ಕೋವಿ ಇದ್ದರೆ ಬೇಲಿಯ ಜಗಳ ಬಾಯಲ್ಲೇ ಮುಗಿಯುತ್ತದೆ. ಕೋವಿ ಹಾರಿಸುವುದಕ್ಕಲ್ಲ, ಗೋಡೆಗೆ ತೂಗುಹಾಕುವುದಕ್ಕೆ. ಅದು ಅಲ್ಲಿ ತೂಗುತ್ತಿರುವ ತನಕ ನನ್ನ ಅಣ್ಣ ಗಡಿಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ.’

‘ನಿನ್ನ ಬಾಯಲ್ಲಿ ನಂಗಿಂತ ಚೆನ್ನಾಗಿ ಬತ್ತದೆ ಕಣೇ’ ಅಂದಿದ್ದಳು ವೀಣಾ ಒಂದು ದಿನ.

‘ಅಣ್ಣ ನಿಜವಾಗ್ಲೂ ನಿದ್ದೆ ಮಾಡ್ತಾನಾ?’ ಅಂದೆ.

‘ಮಾಡ್ದೆ ಏನು. ಮನೆಗೆ ಬಂದ್ರೂ ಅದೇ ಕೆಲ್ಸ.’

ಇಬ್ಬರೂ ನಕ್ಕೆವು. ನನ್ನ ವಾದ ಮಾತ್ರ ಮೊದಮೊದಲು ಪೇಪರಿನಿಂದ ಕತ್ತರಿಸಿ ಅಂಟಿಸಿದ ಹಾಗಿತ್ತು. ಒಂದು ಸಂಜೆ ಅಪ್ಪನ ಮುಂದೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, ‘ದೊಡ್ಡೋರು ಮೊದಲು ಬಿಡ್ಲಿ ಅಂತ ಇವರು, ಚಿಕ್ಕೋರು ಮೊದಲು ಬಿಡ್ಲಿ ಅಂತ ಅವರು. ಎಲ್ರೂ ಕಾಯ್ತಾ ಕೂತ್ರೆ ಬಿಡೋರು ಯಾರು, ಇದನ್ನ ಕೇಳು ಸಾಕು’ ಅಂದರು. ಅವತ್ತಿನಿಂದ ಅದು ಬಾಯಿಪಾಠವಾಗಿ ಉಳಿಯಲಿಲ್ಲ. ಹೇಳುತ್ತಾ ಹೇಳುತ್ತಾ ನಾನು ಅದನ್ನು ನಂಬತೊಡಗಿದೆ. ಅದೇ ಎಡವಟ್ಟಾಯಿತು ಅನ್ನಿ. ನಂಬದವರು ಸ್ಪರ್ಧೆಯಲ್ಲಿ ಸೋತರೆ ಮನೆಗೆ ಹೋಗಿ ಊಟ ಮಾಡುತ್ತಾರೆ.

ತಾಲ್ಲೂಕು ಸುತ್ತು ಗೆದ್ದೆವು. ಕೊನೆಯ ಸುತ್ತು ಅರಸೀಕೆರೆಯಲ್ಲಿ. ಆಲೂಗಡ್ಡೆ ಕೀಳುವ ಸಮಯ, ಬಸ್ಸಿನ ತುಂಬ ಮೂಟೆಗಳು. ಹಳೇಬೀಡಿನಲ್ಲಿ ವೀಣಾ ಹತ್ತಿದಳು, ಜಾವಗಲ್, ಬಾಣಾವರ ದಾಟಿ ಅರಸೀಕೆರೆ ತಲುಪುವಷ್ಟರಲ್ಲಿ ಇಬ್ಬರ ಬಟ್ಟೆಯೂ ಮಣ್ಣಾಗಿತ್ತು. ಸ್ಪರ್ಧೆ ನಡೆದದ್ದು ಕೊಬ್ಬರಿ ಮಂಡಿಗಳಿಗೆ ಅಂಟಿಕೊಂಡ ಒಂದು ಸಭಾಂಗಣದಲ್ಲಿ. ತಗಡಿನ ಚಾವಣಿ, ಒಳಗೆ ಸೆಕೆ, ಕಿಟಕಿಯಿಂದ ಅಲೆಅಲೆಯಾಗಿ ಆ ವಾಸನೆ.

ನಾನು ಎದ್ದು ನಿಂತಾಗಲೇ ಹಿಂದಿನಿಂದ ಶಿಳ್ಳೆ ಶುರುವಾಯಿತು. ಬೇರೆ ಕಾಲೇಜುಗಳ ಪರದವರು ಕೂಡ ಪರವಾಗಿ ಮಾತಾಡಿರಲಿಲ್ಲ, ‘ಸಹಿ ಹಾಕೋಣ, ಆದರೆ ಮೊದಲು ಇನ್ನಷ್ಟು ಮಾಡಿಟ್ಟುಕೊಂಡು’ ಅಂತ ಜಾಣತನ ಮಾಡಿದ್ದರು. ನಾನು ಹಾಗೆ ಮಾಡಲಿಲ್ಲ. ಮೊದಲು ಬಿಡುವವರು ಯಾರು ಎಂದು ಕೇಳಿದಾಗ, ‘ನಿಮ್ಮಪ್ಪ’ ಅಂತ ಒಬ್ಬ ಕೂಗಿದ. ಸಭೆ ನಕ್ಕಿತು. ಆದರೂ ಕೊನೆಯ ತನಕ ಹೇಳಿ ಮುಗಿಸಿದೆ. ಚಪ್ಪಾಳೆ ತಟ್ಟಿದವರು ಸರ್ ಒಬ್ಬರೇ. ವೀಣಾ ತನ್ನ ಸರದಿಯಲ್ಲಿ ಕೋವಿಯ ಮಾತು ಹೇಳಿದಾಗ ತಗಡು ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು.

ಆಮೇಲೆ ಪ್ರತಿವಾದ. ಕೊನೆಯವಳು ವೀಣಾ. ಅಷ್ಟರಲ್ಲಿ ಸಭೆ ಅವಳ ಕೈಯಲ್ಲಿತ್ತು. ಬೇರೆ ಕಾಲೇಜಿನ ಒಬ್ಬನ ಮಾತನ್ನು ಎತ್ತಿಕೊಂಡು ಒಗೆದಳು, ಇನ್ನೊಬ್ಬನದನ್ನು ಒಗೆದಳು. ಜನ ‘ಇನ್ನೂ’ ಅಂತ ಕೂಗಿದರು. ಅವಳು ತಿರುಗಿ ನನ್ನ ಕಡೆ ನೋಡಿದಳು.

‘ನನ್ನ ಜೋಡಿ ಸುಜಾತಾಳ ಮನೆಯಲ್ಲಿ ಬುದ್ಧ ಇದ್ದಾನೆ. ನನ್ನ ಮನೆಯಲ್ಲಿ ಗಡಿ ಕಾಯುವ ಅಣ್ಣ ಇದ್ದಾನೆ. ಬುದ್ಧ ಗೋಡೆಯ ಮೇಲಿರುತ್ತಾನೆ, ಬುದ್ಧನಿಗೆ ಚಳಿಯಾಗುವುದಿಲ್ಲ.’

ಎಂಥ ಗದ್ದಲವೆದ್ದಿತೆಂದರೆ ಅವಳ ಮುಂದಿನ ಮಾತು ನನಗೆ ಕೇಳಿಸಲೇ ಇಲ್ಲ. ನನಗೆ ಬಹಳ ನೋವಾಯಿತು. ವಾದಕ್ಕಲ್ಲ, ವಾದ ಚೆನ್ನಾಗಿಯೇ ಇತ್ತು. ನಮ್ಮ ಮನೆಯ ಗೋಡೆಯ ಮೇಲೆ ಏನಿದೆಯೆಂದು ನಾನು ಅವಳಿಗೆ ಹೇಳಿದ್ದು ಹೊಂಗೆ ಮರದ ಕೆಳಗೆ, ಬುತ್ತಿ ಬಿಚ್ಚಿಕೊಂಡು ಕೂತಾಗ. ಅವಳು ಅದನ್ನು ಕೊಬ್ಬರಿ ಮಂಡಿಯಲ್ಲಿ ಹರಾಜಿಗಿಟ್ಟಳು.

ಫಲಕ ನಮಗೇ ಬಂತು. ಮೊದಲ ಬಹುಮಾನ ವೀಣಾಳಿಗೆ. ಇಬ್ಬರೂ ಒಂದೊಂದು ಬದಿ ಹಿಡಿದುಕೊಂಡು ಫೋಟೋ ತೆಗೆಸಿಕೊಂಡೆವು. ವಾಪಸು ಬರುವಾಗ ಬಸ್ಸಿನಲ್ಲಿ ಸರ್ ಮುಂದಿನ ಸೀಟಿನಲ್ಲಿ ಖುಷಿಯಾಗಿ ಕಂಡಕ್ಟರನಿಗೆ ಕಥೆ ಹೇಳುತ್ತಿದ್ದರು. ಹಿಂದೆ ನಾನು, ವೀಣಾ, ನಡುವೆ ಫಲಕ. ದೊಡ್ಡದು, ಮರದ್ದು, ಬಸ್ಸು ಹೊಂಡಕ್ಕೆ ಬಿದ್ದಾಗಲೆಲ್ಲ ಜಾರುತ್ತಿತ್ತು. ಒಮ್ಮೆ ಅವಳು ಹಿಡಿದರೆ ಒಮ್ಮೆ ನಾನು ಹಿಡಿಯುತ್ತಿದ್ದೆ. ಜಾವಗಲ್ ದಾಟಿದ ಮೇಲೆ ಅವಳು ‘ಸುಜಾತ’ ಅಂದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಹಳೇಬೀಡಿನಲ್ಲಿ ಅವಳು ಇಳಿದಳು. ಬೇಲೂರಿನ ತನಕ ಆ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅಷ್ಟು ಭಾರವಿದೆಯೆಂದು ಅಲ್ಲಿಯವರೆಗೆ ಗೊತ್ತಾಗಿರಲಿಲ್ಲ.

ಆಮೇಲಿನ ತಿಂಗಳುಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನಾನು ಬೆಂಚು ಬದಲಿಸಿದೆ. ಅವಳು ಮಾತಾಡಿಸಲಿ ಎಂದು ನಾನು ಕಾದೆ, ನಾನು ಮಾತಾಡಿಸಲಿ ಎಂದು ಅವಳು ಕಾದಿರಬೇಕು. ಮೊದಲು ಬಿಡುವವರು ಯಾರು ಎಂದು ಅಷ್ಟು ಜನರ ಮುಂದೆ ಕೇಳಿದವಳಿಗೆ ತನ್ನದನ್ನು ಬಿಡಲು ಬರಲಿಲ್ಲ. ಕಾಲೇಜಿನಲ್ಲಿ ನನ್ನನ್ನು ‘ಶಾಂತಿದೂತೆ’ ಅನ್ನತೊಡಗಿದರು. ದಿನವೂ ಸಂಜೆ ಕಾಲೇಜು ಬಿಟ್ಟ ಮೇಲೆ ಬೇಲೂರಿನ ಬಸ್ ನಿಲ್ದಾಣದಲ್ಲಿ ಹಳೇಬೀಡಿನ ಬಸ್ಸು ಒಂದು ಕಡೆ, ಹಗರೆಯ ಬಸ್ಸು ಇನ್ನೊಂದು ಕಡೆ ನಿಲ್ಲುತ್ತಿತ್ತು. ದೇವಸ್ಥಾನ ನೋಡಲು ಬಂದ ಪ್ರವಾಸಿಗರ ಗುಂಪಿನ ಆಚೆ ಅವಳ ದಾವಣಿ ಕಾಣಿಸುತ್ತಿತ್ತು, ಆಮೇಲೆ ಕಾಣಿಸುತ್ತಿರಲಿಲ್ಲ. ಮನೆಗೆ ಬಂದರೆ ಅಲ್ಲೂ ಹಾಗೆಯೇ. ಡೈರಿಯ ಮುಂದೆ ಸಿಕ್ಕರೆ ತಿಮ್ಮೇಗೌಡರು ಅಪ್ಪನಿಗೆ ಮೊದಲೆಲ್ಲ ‘ಏನ್ ಮೇಷ್ಟ್ರೇ’ ಅನ್ನುತ್ತಿದ್ದರು, ಈಗ ಹಾಲಿನ ಕ್ಯಾನಿನೊಳಗೆ ಇಣುಕಿ ನೋಡುತ್ತಿದ್ದರು. ಒಂದೇ ಮನೆಯಲ್ಲಿ ನಾನೂ ಅಪ್ಪನೂ ಒಂದೇ ಕಾರಣಕ್ಕೆ ಒಂಟಿಯಾಗಿದ್ದೆವು, ಆದರೂ ಅದನ್ನು ಪರಸ್ಪರ ಹೇಳಿಕೊಳ್ಳಲಿಲ್ಲ.

ಮರುವರ್ಷದ ಪೂರ್ಣಿಮೆ ಬಂತು. ಅವ್ವ ಪಾಯಸ ಮಾಡಿದಳು, ಚಿಕ್ಕ ಪಾತ್ರೆಯಲ್ಲಿ. ‘ಯಾರಿಗೂ ಕೊಡೋದು ಬೇಡ’ ಅಂದಳು. ನಮ್ಮ ಬೀದಿಯ ಕರುಗಳಿಗೆ ಆ ವರ್ಷ ಹಬ್ಬವಿಲ್ಲವಾಯಿತು. ಮೂವರೇ ಕುಳಿತು ತಿಂದೆವು. ಸಂಜೆಯ ತನಕ ನಾನು ಸುಮ್ಮನೆ ರಸ್ತೆ ನೋಡುತ್ತಿದ್ದೆ. ಯಾರನ್ನು ಕಾಯುತ್ತಿದ್ದೆ ಎಂದು ಕೇಳಿದ್ದರೆ ಯಾರನ್ನೂ ಇಲ್ಲ ಅನ್ನುತ್ತಿದ್ದೆ.

ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾಯುತ್ತಿದ್ದ ದಿನಗಳಲ್ಲೇ ಕಾರ್ಗಿಲ್ ಅನ್ನುವ ಹೆಸರು ಮೊದಲ ಸಲ ಕೇಳಿದ್ದು. ಎರಡೂ ಮನೆಯಲ್ಲಿ ಕೋವಿ ಇತ್ತು, ಗೋಡೆಯ ಮೇಲೇ ತೂಗುತ್ತಿತ್ತು, ಆದರೂ ಬೇಲಿಯ ಹತ್ತಿರ ಯುದ್ಧ ಶುರುವಾಗಿತ್ತು. ರೇಡಿಯೋ ಹೇಳುತ್ತಿತ್ತು, ಅಷ್ಟು ಎತ್ತರದ ಬೆಟ್ಟಗಳಂತೆ, ಹಿಮವಂತೆ. ಪೇಪರಿನಲ್ಲಿ ದಿನವೂ ಹುಡುಗರ ಫೋಟೋ ಬರುತ್ತಿತ್ತು. ನಾನು ಹೆಸರುಗಳ ಮೇಲೆ ಬೆರಳಿಟ್ಟು ಓದುತ್ತಿದ್ದೆ. ವೀಣಾಳ ಅಣ್ಣನ ಹೆಸರು ಇಲ್ಲವೆಂದು ಖಚಿತವಾದ ಮೇಲೆ ಪೇಪರು ಅಪ್ಪನಿಗೆ ಕೊಡುತ್ತಿದ್ದೆ. ಹಳೇಬೀಡಿಗೆ ಹೋಗಬೇಕೆಂದು ಎರಡು ಸಲ ಬಸ್ ನಿಲ್ದಾಣದ ತನಕ ಹೋದೆ. ಆ ಮನೆಯ ಬಾಗಿಲಲ್ಲಿ ನನ್ನನ್ನು ಏನೆಂದು ಕರೆಯುತ್ತಾರೋ, ಎಲ್ಲಿ ಕೂರಿಸುತ್ತಾರೋ ಎಂದು ಯೋಚಿಸಿ ತಿರುಗಿ ಬಂದೆ.

ಆಷಾಢದ ಒಂದು ಮಧ್ಯಾಹ್ನ ಜಿಟಿಜಿಟಿ ಮಳೆ. ಬಾಗಿಲಲ್ಲಿ ಕೊಡೆ ಮಡಿಸಿದ ಸದ್ದಾಯಿತು. ವೀಣಾ ನಿಂತಿದ್ದಳು. ಸೊರಗಿದ್ದಳು, ಕಣ್ಣಿನ ಸುತ್ತ ಕಪ್ಪು. ಅಪ್ಪ ಪೇಪರು ಕೆಳಗಿಟ್ಟು, ‘ಬಾಮ್ಮ, ಕೂತ್ಕೊ’ ಅಂದರು. ಹಿಂದೆ ಗೌಡರು ಕೂತಿದ್ದ ಅದೇ ಕುರ್ಚಿಯಲ್ಲಿ ಕೂತಳು. ಗೋಡೆಯ ಮೇಲಿನ ಪಟವನ್ನು ಒಂದು ಸಲ ನೋಡಿ ತಲೆ ತಗ್ಗಿಸಿದಳು.

‘ಅಣ್ಣನ್ನ ಆ ಬೆಟ್ಟದ ಮೇಲಕ್ಕೆ ಕಳಿಸವ್ರಂತೆ. ಸುದ್ದಿನೇ ಇಲ್ಲ. ಅಮ್ಮ ಊಟ ಬಿಟ್ಟವ್ಳೆ’ ಅಂದಳು.

ನಾನು ಅವಳ ಒದ್ದೆ ಕೊಡೆಯನ್ನು ತೆಗೆದು ಮೂಲೆಗಿಟ್ಟೆ. ಅವಳೇ ಮುಂದುವರಿಸಿದಳು. ‘ನೀನು ಹೇಳಿದ್ದೇ ಸರಿ ಅನ್ನೋಕೆ ಬಂದಿಲ್ಲ ಕಣೇ.’

‘ಮತ್ತೆ?’

‘ನನ್ನ ಭಾಷಣ ನೆನಪೈತಾ ನಿಂಗೆ?’

‘ಐತೆ.’

‘ಹೇಳು. ಎರಡೂ ಕಡೆ ಬಾಂಬ್ ಇದ್ರೆ ಜಾಸ್ತಿ ದೂರ ಹೋಗಲ್ಲ, ಅಲ್ಲೇ ನಿಲ್ಲಿಸ್ತಾರೆ ಅಂತ ದಿನಾ ಅಮ್ಮಂಗೆ ಹೇಳ್ತೀನಿ. ನಂಗೇ ನಂಬಿಕೆ ಬರ್ತಿಲ್ಲ. ನೀನು ಅದನ್ನ ಒಪ್ಪದೋಳು. ಒಪ್ಪದೋರ ಬಾಯಲ್ಲಿ ಬಂದ್ರೆ ನಿಜ ಅನ್ನಿಸಬೋದು.’

ಆ ವರ್ಷವೆಲ್ಲ ಅವಳಿಗೆ ಹೇಳಬೇಕೆಂದು ನಾನು ಎಷ್ಟೊಂದು ಮಾತು ಕಟ್ಟಿಟ್ಟುಕೊಂಡಿದ್ದೆ. ಅವು ಯಾವುವೂ ನಾಲಿಗೆಗೆ ಬರಲಿಲ್ಲ. ಅಪ್ಪನ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ನಾನು ಎದ್ದು, ಸರ್ ಕಲಿಸಿದ ಹಾಗೆ ಕೈ ಹಿಂದೆ ಕಟ್ಟಿ, ನೆಟ್ಟಗೆ ನಿಂತು, ಬುದ್ಧನ ಪಟದ ಕೆಳಗೆ ಬಾಂಬಿನ ಪರವಾಗಿ ಮಾತಾಡಿದೆ. ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ. ಬೆದರಿಕೆಯೇ ಕಾವಲು ಎಂದೆ. ಯಾವ ನಾಯಕನೂ ತನ್ನ ಮಕ್ಕಳಿರುವ ಊರನ್ನು ಪಣಕ್ಕಿಡುವಷ್ಟು ಹುಚ್ಚನಲ್ಲ ಎಂದೆ. ಕೋವಿಯ ಮಾತು ಬಂದಾಗ ವೀಣಾಳ ತುಟಿಯೂ ನನ್ನ ಜೊತೆ ಅಲುಗುತ್ತಿತ್ತು. ‘ನನ್ನ ಅಣ್ಣ ಗಡಿಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ’ ಎಂದು ನಾನು ಮುಗಿಸಿದೆ. ಅರಸೀಕೆರೆಯಲ್ಲಿ ನಂಬಿ ಹೇಳಿದ್ದಕ್ಕಿಂತ, ಅಂದು ಒಂದು ಮಾತನ್ನೂ ನಂಬದೆ ಹೇಳಿದ್ದು ಚೆನ್ನಾಗಿ ಬಂತು.

ಹೆಂಚಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

‘ಅಣ್ಣಂಗೆ ಅಲ್ಲಿ ತುಂಬಾ ಚಳಿಯಂತೆ ಕಣೇ’ ಅಂದಳು ವೀಣಾ. ಆಮೇಲೆ ಅತ್ತಳು. ನಾನೂ ಅತ್ತೆ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ‘ನಮ್ಮನೇಲಿ ಏನಾರ ತಿಂತೀಯೇನವ್ವಾ?’ ಎಂದು ಅನುಮಾನಿಸುತ್ತಲೇ ಕೇಳಿದಳು. ವೀಣಾ ಮೂಗೊರೆಸಿಕೊಂಡು, ‘ಹಾಕ್ರಮ್ಮ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ’ ಅಂದಳು. ಪೂರ್ಣಿಮೆಯಲ್ಲ, ಏನೂ ಅಲ್ಲ, ಅವ್ವ ಇದ್ದ ಹಾಲನ್ನೆಲ್ಲ ಒಲೆಗೆ ಏರಿಸಿ ಅಕ್ಕಿ ಹಾಕಿದಳು. ಸಂಜೆಯ ಕಾಫಿಗೂ ಉಳಿಸಲಿಲ್ಲ. ವೀಣಾ ಮೊದಲು ಮುದ್ದೆ ಉಂಡು, ಆಮೇಲೆ ಎರಡು ಲೋಟ ಪಾಯಸ ಕುಡಿದಳು. ಅವ್ವ ಕೊನೆಯ ತನಕ ಅವಳ ಕೈಯನ್ನೇ ನೋಡುತ್ತಾ ನಿಂತಿದ್ದಳು.

ಅವಳನ್ನು ಬಸ್ಸು ಹತ್ತಿಸಿ ಬಂದಾಗ ಅಪ್ಪ ಜಗಲಿಯಲ್ಲಿ ಕೂತಿದ್ದರು. ಬಯ್ಯುತ್ತಾರೇನೋ ಅಂದುಕೊಂಡೆ. ‘ಅರಸೀಕೆರೇಲಿ ಹಿಂಗೆ ಮಾತಾಡಿದ್ದಿದ್ರೆ ಮೊದಲ ಬಹುಮಾನ ನಿಂಗೇ ಬರೋದು’ ಅಂದರು. ಮುಖದಲ್ಲಿ ನಗುವಿರಲಿಲ್ಲ. ಜರುಗಿ ನನಗೂ ಕೂರಲು ಜಾಗ ಮಾಡಿಕೊಟ್ಟರು.

ಯುದ್ಧ ನಿಂತಿತು. ಬಾಂಬಿನ ಭಯಕ್ಕೆ ನಿಂತಿತೋ, ಬೇರೆ ಯಾವುದಕ್ಕೋ, ದೊಡ್ಡವರು ಇಂದಿಗೂ ಚರ್ಚೆ ಮಾಡುತ್ತಿದ್ದಾರೆ. ವೀಣಾಳ ಅಣ್ಣ ಬದುಕಿ ಬಂದ, ಹಿಮಕ್ಕೆ ಸಿಕ್ಕಿ ಕಾಲಿನ ಬೆರಳುಗಳನ್ನು ಕಳೆದುಕೊಂಡಿದ್ದ. ಇದನ್ನು ನನಗೆ ಹೇಳಿದವರು ರಾಜ್ಯಶಾಸ್ತ್ರದ ಸರ್. ವೀಣಾ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಆ ಮಧ್ಯಾಹ್ನ ನಾವಿಬ್ಬರೂ ಒಬ್ಬರನ್ನೊಬ್ಬರು ಅಷ್ಟು ಮುಚ್ಚುಮರೆಯಿಲ್ಲದೆ ನೋಡಿದ್ದೆವು, ಆಮೇಲೆ ಎದುರಾಗಲು ಇಬ್ಬರಿಗೂ ಸಂಕೋಚವಾಗಿರಬೇಕು. ಮದುವೆಯಾಗಿ ಶಿವಮೊಗ್ಗದ ಕಡೆ ಹೋದಳೆಂದು ಕೇಳಿದೆ. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಆ ಭಾಷಣವನ್ನು ನನ್ನ ಬಾಯಲ್ಲಿ ಕೇಳಿದವರಲ್ಲಿ ಎಲ್ಲೋ ಅವಳೊಬ್ಬಳು ಇದ್ದಾಳೆ.

ಮೊನ್ನೆ ಕಾಫಿ ಕುಡಿದು ಪ್ಲಾಟ್‌ಫಾರ್ಮಿಗೆ ವಾಪಸು ಬಂದೆ. ಕೊಬ್ಬರಿಯ ವಾಸನೆ ಸೀರೆಗೂ ಅಂಟಿಕೊಂಡು ಬಂದಿತ್ತು. ಪಕ್ಕದ ಬೆಂಚಿನಲ್ಲಿ ಒಬ್ಬರು ಮೊಬೈಲಿನಲ್ಲಿ ಸುದ್ದಿ ಜೋರಾಗಿ ಹಾಕಿಕೊಂಡಿದ್ದರು. ದೊಡ್ಡ ದೇಶಗಳು ಹಳೆಯ ಒಪ್ಪಂದಗಳನ್ನು ಒಂದೊಂದಾಗಿ ಕೈಬಿಡುತ್ತಿವೆಯಂತೆ, ಹೊಸ ಕ್ಷಿಪಣಿಗಳಂತೆ, ಮತ್ತೆ ಪರೀಕ್ಷೆಯ ಮಾತಂತೆ. ಇಂಥ ಸುದ್ದಿ ಬಂದಾಗಲೆಲ್ಲ ನನ್ನ ಭಾಷಣ ನೆನಪಿಗೆ ಬರುವುದಿಲ್ಲ. ಅದು ತುಂಡುತುಂಡಾಗಿ ಉಳಿದಿದೆ ಅಷ್ಟೆ. ಬರುವುದು ವೀಣಾಳದು, ಪೂರ್ತಿಯಾಗಿ, ಒಂದು ಅಕ್ಷರವೂ ಬಿಡದೆ. ಎರಡೂ ಮನೆಯಲ್ಲಿ ಕೋವಿ ಇದ್ದರೆ ಬೇಲಿಯ ಜಗಳ ಬಾಯಲ್ಲೇ ಮುಗಿಯುತ್ತದೆ. ಅದನ್ನು ನಾನು ಇವತ್ತಿಗೂ ನಂಬುವುದಿಲ್ಲ. ಆದರೂ ಹೇಳಿಕೊಳ್ಳುತ್ತೇನೆ, ಯಾರದೋ ಅಣ್ಣ ಎಲ್ಲೋ ಬೆಟ್ಟದ ಮೇಲೆ ಇರುತ್ತಾನೆ ಎಂದು.

ಅಲ್ಲೂ ಹೇಳಿಕೊಂಡೆ. ದನಿ ಸ್ವಲ್ಪ ಏರಿರಬೇಕು, ಪಕ್ಕದಲ್ಲಿದ್ದ ಹೆಂಗಸು ತಿರುಗಿ, ‘ಏನಾರ ಕೇಳಿದ್ರಾ?’ ಅಂದಳು.

‘ಇಲ್ಲಮ್ಮ’ ಅಂದೆ. ‘ಗೆಳತಿ ಒಬ್ಬಳಿಗೆ ಹೇಳ್ತಿದ್ದೆ.’

ಅವಳು ನನ್ನ ಆಚೆ ಬದಿಯ ಖಾಲಿ ಜಾಗವನ್ನು ನೋಡಿ, ತನ್ನ ಚೀಲವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು.